ಪರವಾನಗಿಗೆ ಮೊದಲು ತೇರುಬೀದಿ ಅಳೆಯಬೇಕು

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 2025ರ ಜೂನ್ 4ರಂದು ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಅದಾದ ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದೇ ಒಂದು ಮಸೂದೆಯ ಕರಡು ಸಿದ್ಧಪಡಿಸಿತು. ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ತೆಪ್ಪೋತ್ಸವ, ಉರುಸ್ ಇವೆಲ್ಲ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಆ ಕರಡು ಹೇಳಿತ್ತು. ಆಗಸ್ಟ್‌ನಲ್ಲಿ ಮಸೂದೆ ವಿಧಾನಸಭೆಗೆ ಬಂದಾಗ ಧಾರ್ಮಿಕ ಉತ್ಸವಗಳ ಪ್ರಶ್ನೆ ಮತ್ತೆ ಎದ್ದಿತು. ಚರ್ಚೆಯ ಬಳಿಕ ಮಸೂದೆಯನ್ನು ಸದನ ಸಮಿತಿಗೆ ಒಪ್ಪಿಸಲಾಯಿತು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ದೇವಸ್ಥಾನ ಸಮಿತಿಗಳಿಗೆ ಗೊಂದಲ ಹುಟ್ಟಿದ್ದು ಇಲ್ಲಿಂದಲೇ. ಊರ ಜಾತ್ರೆಗೂ ಪೊಲೀಸ್ ಪರವಾನಗಿ ಬೇಕಾ? ಏನಾದರೂ ಆದರೆ ಜೈಲಿಗೆ ಹೋಗುವವರು ಧರ್ಮದರ್ಶಿಯೋ, ತಹಶೀಲ್ದಾರರೋ? ಸಹಜವಾದ ಪ್ರಶ್ನೆಗಳೇ. ಆದರೆ ಇವಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಜಾತ್ರೆಯಲ್ಲಿ ಒಂದು ಜೀವವೂ ಹೆಚ್ಚಿಗೆ ಉಳಿಯುವುದಿಲ್ಲ. ಅವಘಡದ ನಂತರ ಯಾರನ್ನು ಹಿಡಿಯಬೇಕು ಎಂಬುದನ್ನು ಕಾಯ್ದೆ ಹೇಳಬಹುದು. ಅವಘಡ ಆಗುತ್ತದೋ ಇಲ್ಲವೋ ಎಂಬುದು ಬೀದಿ ಎಷ್ಟು ಅಗಲ ಇದೆ, ಗೇಟು ನಿಮಿಷಕ್ಕೆ ಎಷ್ಟು ಜನರನ್ನು ಬಿಡುತ್ತದೆ, ಜನ ಎಷ್ಟು ಹೊತ್ತಿನಲ್ಲಿ ಬಂದು ಸೇರುತ್ತಾರೆ ಎಂಬ ಮೂರು ಲೆಕ್ಕಗಳ ಮೇಲೆ ನಿಂತಿದೆ.

ಯಾರ ವಾದ ಏನು

ಮಸೂದೆಯ ಮುಖ್ಯ ಅಂಶಗಳು ಹೀಗಿದ್ದವು. ಕಾರ್ಯಕ್ರಮಕ್ಕೆ 10 ದಿನ ಮೊದಲು ಆಯೋಜಕರು ಅರ್ಜಿ ಕೊಡಬೇಕು. 7,000ಕ್ಕಿಂತ ಕಡಿಮೆ ಜನ ಸೇರುವುದಾದರೆ ಠಾಣೆಯ ಮಟ್ಟದಲ್ಲಿ, 50,000ದವರೆಗೆ ಡಿವೈಎಸ್‌ಪಿ ಮಟ್ಟದಲ್ಲಿ, ಅದಕ್ಕೂ ಹೆಚ್ಚಾದರೆ ಜಿಲ್ಲಾ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರ ಮಟ್ಟದಲ್ಲಿ ಅನುಮತಿ. ಜತೆಗೆ 1 ಕೋಟಿ ರೂಪಾಯಿಯ ನಷ್ಟಭರ್ತಿ ಮುಚ್ಚಳಿಕೆ (ಹಾನಿಯಾದರೆ ತುಂಬಿಕೊಡುತ್ತೇವೆಂಬ ಬರಹ), ತಪ್ಪಿದರೆ ಕಠಿಣ ಜೈಲು ಶಿಕ್ಷೆ.

ಜನರನ್ನು ಕರೆಯುವವನೇ ಅವರ ಸುರಕ್ಷತೆಗೂ ಹೊಣೆಯಾಗಬೇಕು ಎಂಬುದು ಇದನ್ನು ಬೆಂಬಲಿಸುವವರ ವಾದ. ಟಿಕೆಟ್ ಮಾರಿ, ಜಾಹೀರಾತು ಕೊಟ್ಟು ಜನ ಸೇರಿಸುವ ಕಂಪನಿಗೆ ಈ ಮಾತು ಸರಿಯಾಗಿ ಹೊಂದುತ್ತದೆ.

ದೇವಸ್ಥಾನ ಸಮಿತಿಗಳು ಎದುರಿಗಿಡುವ ಮಾತೂ ಗಟ್ಟಿಯಾಗಿದೆ. ಜಾತ್ರೆಗೆ ಯಾರೂ ಆಹ್ವಾನ ಕೊಡುವುದಿಲ್ಲ. ಪಂಚಾಂಗದಲ್ಲಿ ತಿಥಿ ಬಂದರೆ ಜನ ಬರುತ್ತಾರೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೋ ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರಿಗೋ ಬರುವವರನ್ನು ಯಾರು ‘ಕರೆದರು’ ಎಂದು ಬರೆಯುವುದು? ಊರಿನ ಚಂದಾ ಹಣದಲ್ಲಿ ತೇರು ಎಳೆಸುವ ಸಮಿತಿ ಕೋಟಿ ರೂಪಾಯಿ ಮುಚ್ಚಳಿಕೆಗೆ ಸಹಿ ಹಾಕುವುದು ಹೇಗೆ?

ಮೂರನೆಯ ಮಾತು ಬಹಿರಂಗ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅನುಮತಿಗೆ ಸಹಿ ಹಾಕಿದ ಅಧಿಕಾರಿಯೂ ಹೊಣೆಯಲ್ಲಿ ಪಾಲುದಾರನಾಗುತ್ತಾನೆ. ಹಾಗಿದ್ದಾಗ ಜಾಗ ನೋಡಿ ಷರತ್ತು ಹಾಕುವುದಕ್ಕಿಂತ ಅರ್ಜಿಯನ್ನೇ ತಿರಸ್ಕರಿಸುವುದು, ಇಲ್ಲವೇ ಎಲ್ಲರಿಗೂ ಒಂದೇ ಮಾದರಿಯ 20 ಷರತ್ತು ಬರೆದುಕೊಡುವುದು ಸುಲಭ. ಅತ್ತ ಅರ್ಜಿದಾರನೂ 7,000ದ ಗೆರೆ ದಾಟದಂತೆ ಸಂಖ್ಯೆಯನ್ನು ತಗ್ಗಿಸಿ ಬರೆಯುತ್ತಾನೆ. ಕಾಗದದಲ್ಲಿ ಜನ ಕಡಿಮೆಯಾದರೆ ಬರುವ ಪೊಲೀಸರು, ಆಂಬುಲೆನ್ಸ್, ಬ್ಯಾರಿಕೇಡ್ ಎಲ್ಲವೂ ಕಡಿಮೆಯಾಗುತ್ತವೆ. ಸುರಕ್ಷತೆಗೆಂದು ಎಳೆದ ಗೆರೆಯೇ ಸುರಕ್ಷತೆಯನ್ನು ಕಡಿತಗೊಳಿಸಿದಂತಾಗುತ್ತದೆ.

ಇನ್ನೂ ಒಂದು ವಿಷಯವಿದೆ. ಶ್ರಾವಣ ಶನಿವಾರ ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ, ಶುಕ್ರವಾರ ಗೊರವನಹಳ್ಳಿ ಮಹಾಲಕ್ಷ್ಮಿಗೆ, ವಾರದ ರಜೆಗೆ ನಂದಿಬೆಟ್ಟಕ್ಕೆ ಬರುವ ಜನಸಂದಣಿ ಯಾವ ‘ಕಾರ್ಯಕ್ರಮ’ವೂ ಅಲ್ಲ. ಅದಕ್ಕೆ ಅರ್ಜಿಯೂ ಇಲ್ಲ, ಅರ್ಜಿದಾರನೂ ಇಲ್ಲ. ಆಂಧ್ರದ ಕಾಶಿಬುಗ್ಗ ವೆಂಕಟೇಶ್ವರ ದೇವಸ್ಥಾನದಲ್ಲಿ 2025ರ ನವೆಂಬರ್ 1ರಂದು ಆದದ್ದು ಹೀಗೇ. ಖಾಸಗಿ ದೇವಸ್ಥಾನ, ಏಕಾದಶಿ, ಹೋಗಿಬರಲು ಒಂದೇ ದಾರಿ. ಮೆಟ್ಟಿಲ ಬಳಿ ಕಂಬಿ ಕಿತ್ತುಬಂದು 9 ಜನ ಸತ್ತರು.

‘ಕಾಲ್ತುಳಿತ’ ಎಂಬ ಪದದ ತೊಡಕು

ಇಂಥ ಸಾವುಗಳಿಗೆ ನಾವು ‘ಕಾಲ್ತುಳಿತ’ ಎನ್ನುತ್ತೇವೆ. ಜನ ಗಾಬರಿಯಾಗಿ ಓಡಿದರು, ಬಿದ್ದವರನ್ನು ತುಳಿದರು ಎಂಬ ಚಿತ್ರ ಈ ಪದದಲ್ಲೇ ಇದೆ. ತಪ್ಪು ಜನರ ಮೇಲೆಯೇ ಬೀಳುತ್ತದೆ. ನಿಜದಲ್ಲಿ ದೊಡ್ಡ ಅವಘಡಗಳಲ್ಲಿ ಹೆಚ್ಚಿನವರು ಉಸಿರುಗಟ್ಟಿ ಸಾಯುತ್ತಾರೆ, ಹಲವರು ನಿಂತಲ್ಲೇ. ಸುತ್ತಲಿನ ಒತ್ತಡಕ್ಕೆ ಎದೆಗೂಡು ಹಿಗ್ಗುವುದಿಲ್ಲ, ಗಾಳಿ ಒಳಗೆ ಹೋಗುವುದಿಲ್ಲ. ಹತ್ತು ಹದಿನೈದು ಸಾಲುಗಳ ಆಚೆ ನಿಂತವನಿಗೆ ಮುಂದೆ ಏನಾಗುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಅವನು ಒಂದು ಹೆಜ್ಜೆ ಮುಂದಿಡುತ್ತಾನೆ, ಅಷ್ಟೇ. ಅಂಥ ನೂರಾರು ಹೆಜ್ಜೆಗಳ ಒತ್ತಡ ಕೂಡಿ ಕಬ್ಬಿಣದ ಕಂಬಿಯನ್ನೂ ಬಗ್ಗಿಸುತ್ತದೆ.

ಆದ್ದರಿಂದ ‘ನೂಕಬೇಡಿ, ಶಾಂತರಾಗಿರಿ’ ಎಂದು ಮೈಕಿನಲ್ಲಿ ಕೂಗುವುದು ತಡವಾದ ಮದ್ದು. ಒಂದು ಚದರ ಮೀಟರಿನಲ್ಲಿ 4 ಜನ ಇರುವವರೆಗೆ ಮನುಷ್ಯ ತನ್ನಿಷ್ಟದಂತೆ ತಿರುಗಬಲ್ಲ, ನಡೆಯಬಲ್ಲ. 5 ಆದರೆ ಎಚ್ಚರಿಕೆಯ ಗಂಟೆ. 6 ದಾಟಿತೆಂದರೆ ಅವನ ಮೈ ಅವನ ಹಿಡಿತದಲ್ಲಿರುವುದಿಲ್ಲ. ಗುಂಪು ನೀರಿನಂತೆ ಅಲೆಯೇಳುತ್ತದೆ. ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಬೀದಿಯ ಎರಡನೇ ಮಹಡಿಯಿಂದ ನೋಡಿದಾಗ ಜನರ ನಡುವೆ ಅಲ್ಲಲ್ಲಿ ನೆಲ ಕಾಣುತ್ತಿದ್ದರೆ ಸರಿ. ಬರೀ ತಲೆಗಳೇ ಕಂಡು, ಗಾಳಿಗೆ ರಾಗಿ ಪೈರು ತೂಗಿದಂತೆ ಅವೆಲ್ಲ ಒಟ್ಟಿಗೆ ಒಂದೇ ಕಡೆಗೆ ವಾಲಿದರೆ ಆ ಗಳಿಗೆಯಲ್ಲೇ ಹಿಂದಿನಿಂದ ಬರುವವರನ್ನು ತಡೆಯಬೇಕು. ಮುಂದಿನವರನ್ನು ಹಿಂದಕ್ಕೆ ದೂಡಿದರೆ ಒತ್ತಡ ಇಮ್ಮಡಿಯಾಗುತ್ತದೆ.

ಒಂದು ತೇರುಬೀದಿಯ ಲೆಕ್ಕ

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಬೀದಿಯನ್ನು ತೆಗೆದುಕೊಳ್ಳೋಣ. ಉದ್ದ 150 ಮೀಟರ್, ಅಗಲ 9 ಮೀಟರ್. ಒಟ್ಟು 1,350 ಚದರ ಮೀಟರ್. ಚದರ ಮೀಟರಿಗೆ 4ರಂತೆ 5,400 ಜನ ಹಿಡಿಸುತ್ತಾರೆ.

ಜಾತ್ರೆಗೆ ಎರಡು ದಿನ ಮುಂಚೆ ಬಳೆ, ಬತ್ತಾಸು, ಆಟಿಕೆ ಅಂಗಡಿಗಳು ಎರಡೂ ಬದಿ ಒಂದೂವರೆ ಮೀಟರ್ ಮುಂದೆ ಬರುತ್ತವೆ. ಬೀದಿ 6 ಮೀಟರಿಗೆ ಇಳಿಯುತ್ತದೆ, ಜಾಗ 900 ಚದರ ಮೀಟರಿಗೆ. ಜನ ಅಷ್ಟೇ 5,400. ಈಗ ಚದರ ಮೀಟರಿಗೆ 6. ಒಬ್ಬನೂ ಹೆಚ್ಚಿಗೆ ಬರಲಿಲ್ಲ, ಯಾರೂ ನೂಕಲಿಲ್ಲ, ಆದರೂ ಬೀದಿ ಅಪಾಯದ ಗೆರೆಗೆ ಬಂದು ನಿಂತಿತು.

ಇನ್ನು ತೇರು ಬರಬೇಕು. ಅದರ ಅಗಲ ನಾಲ್ಕೂವರೆ ಮೀಟರ್ ಎನ್ನಿ. ಅಂಗಡಿಗಳಿಲ್ಲದಿದ್ದರೆ ತೇರಿನ ಎರಡೂ ಪಕ್ಕ ಎರಡೂಕಾಲು ಮೀಟರ್ ಉಳಿಯುತ್ತದೆ, ನಾಲ್ಕು ಜನ ಸಾಲಾಗಿ ಸರಿದುಹೋಗಬಹುದು. ಅಂಗಡಿಗಳಿದ್ದರೆ ಉಳಿಯುವುದು ಮುಕ್ಕಾಲು ಮೀಟರ್. ಒಬ್ಬ ದಪ್ಪನೆಯ ಮನುಷ್ಯ, ಅವನ ಹೆಗಲ ಮೇಲೊಂದು ಮಗು. ಅಲ್ಲಿಗೆ ಮುಗಿಯಿತು. ತೇರಿನ ಮುಂದಿದ್ದವರು ಹಿಂದಕ್ಕೆ ಹೋಗಲಾರರು, ಪಕ್ಕದ ಓಣಿಗೂ ತಿರುಗಲಾರರು, ಏಕೆಂದರೆ ಓಣಿಯ ಬಾಯಲ್ಲಿ ಬೈಕುಗಳನ್ನು ನಿಲ್ಲಿಸಿರುತ್ತಾರೆ.

ತೇರಿಗೆ ಬಾಳೆಹಣ್ಣು–ದವನ ಎಸೆಯುವುದು ನಮ್ಮ ಕಡೆಯ ಹರಕೆ. ಕೆಳಗೆ ಬಿದ್ದ ಹಣ್ಣನ್ನು ಪ್ರಸಾದವೆಂದು ಬಗ್ಗಿ ಎತ್ತಿಕೊಳ್ಳುವವರು ಇರುತ್ತಾರೆ. ಗಾಲಿಯ ಹತ್ತಿರ ಬಗ್ಗಿದವನನ್ನು, ಗಾಲಿಗೆ ಸನ್ನೆ (ಮರದ ತುಂಡು) ಹಾಕುವವನು ಕಾಣಲಾರ. ಹಗ್ಗ ಹಿಡಿದವರಿಗಂತೂ ಬೆನ್ನ ಹಿಂದಿನದು ಗೊತ್ತೇ ಆಗುವುದಿಲ್ಲ. ಹರಕೆ ಬಿಡಿಸಬೇಕಿಲ್ಲ. ಗಾಲಿಗಳ ಸುತ್ತ ಎರಡು ಮೀಟರ್ ಬಿಟ್ಟು ಸ್ವಯಂಸೇವಕರು ದಪ್ಪ ಹಗ್ಗ ಹಿಡಿದು ತೇರಿನ ಜತೆಗೇ ನಡೆಯಬೇಕು. ಎಳೆಯುವ ಎರಡು ಹಗ್ಗಗಳ ನಡುವೆ ಯಾರೂ ಇರಕೂಡದು. ನಿಲ್ಲಿಸಲು ಒಂದೇ ಸೀಟಿ, ಅದು ಒಬ್ಬನ ಕೈಯಲ್ಲಿ.

ಎತ್ತರದ ತೇರಿನ ಲೆಕ್ಕವೇ ಬೇರೆ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ 2025ರ ಮಾರ್ಚ್‌ನಲ್ಲಿ ನೂರು ಅಡಿ ಮೀರಿದ ತೇರು ಗಾಳಿ–ಮಳೆಗೆ ಉರುಳಿ ಸಾವು ಸಂಭವಿಸಿತು. ನೂರು ಅಡಿಯ ತೇರು ವಾಲಿದರೆ ನೂರು ಅಡಿ ದೂರದವರೆಗೂ ಬೀಳುತ್ತದೆ. ಅಷ್ಟು ಜಾಗ ಖಾಲಿ ಬಿಡಲಾಗದ ದಾರಿಯಲ್ಲಿ ಅಷ್ಟು ಎತ್ತರ ಕಟ್ಟಬಾರದು. ಅಚ್ಚು, ಗಾಲಿ, ಬಿಗಿದ ಹಗ್ಗಗಳನ್ನು ಇಂಜಿನಿಯರ್ ಬಂದು ನೋಡುವುದು ತೇರಿನ ಹಿಂದಿನ ದಿನ ಅಲ್ಲ. ಕೆಟ್ಟಿದ್ದರೆ ಬದಲಿಸಲು ಸಮಯ ಸಿಗಬೇಕೆಂದರೆ ಕನಿಷ್ಠ ಒಂದು ತಿಂಗಳು ಮೊದಲೇ ನೋಡಬೇಕು.

ಸರದಿ ಎಲ್ಲಿ ಬೆಳೆಯುತ್ತದೆ

ಗರ್ಭಗುಡಿಯ ಮುಂದೆ ಒಬ್ಬರಿಗೆ 2 ಸೆಕೆಂಡ್ ದರ್ಶನ ಎಂದರೆ ಗಂಟೆಗೆ 1,800 ಜನ. ಬೆಳಗ್ಗೆ ಗಂಟೆಗೆ 3,000 ಜನ ಬರುತ್ತಿದ್ದರೆ ಪ್ರತಿ ಗಂಟೆಗೂ 1,200 ಜನ ಹೊರಗೆ ಉಳಿಯುತ್ತಾರೆ. ಮೂರು ಗಂಟೆಗೆ 3,600. ಅವರು ಆರಾಮವಾಗಿ ನಿಲ್ಲಲು, ಚದರ ಮೀಟರಿಗೆ ಇಬ್ಬರಂತೆ, 1,800 ಚದರ ಮೀಟರ್ ಬೇಕು. ಸಮಿತಿ ಆ ಜಾಗವನ್ನು ನೆರಳು, ನೀರು ಸಮೇತ ಮೊದಲೇ ಗುರುತಿಸಿರದಿದ್ದರೆ ಸರದಿ ತಾನಾಗಿಯೇ ಒಂದು ಜಾಗ ಹುಡುಕಿಕೊಳ್ಳುತ್ತದೆ: ದೇವಸ್ಥಾನದ ಬಾಗಿಲು, ಮೆಟ್ಟಿಲು, ರಸ್ತೆ.

ಸರದಿಯಲ್ಲಿ ಅತ್ಯಂತ ಅಪಾಯದ ಕ್ಷಣ, ಮುಚ್ಚಿದ ಗೇಟು ಏಕಾಏಕಿ ತೆರೆಯುವುದು. ತಿರುಪತಿಯಲ್ಲಿ 2025ರ ಜನವರಿ 8ರಂದು ವೈಕುಂಠ ದ್ವಾರದ ಟೋಕನ್‌ಗಾಗಿ ಕಾದಿದ್ದವರಲ್ಲಿ 6 ಜನ ಸತ್ತಾಗ, ಅಸ್ವಸ್ಥರೊಬ್ಬರನ್ನು ಹೊರತರಲು ತೆರೆದ ಗೇಟನ್ನು ಜನ ಸರದಿ ಬಿಟ್ಟರೆಂದು ತಿಳಿದರು ಎಂಬ ವಿವರಣೆ ಬಂತು. ಹಾಗಾಗಿ ಅಸ್ವಸ್ಥರನ್ನು ಹೊರತರುವ ಗೇಟು ಸರದಿಯ ಮುಂಭಾಗದಲ್ಲಿ ಇರಬಾರದು. ಪಕ್ಕದಲ್ಲಿರಬೇಕು, ಪ್ರತಿ 20–25 ಮೀಟರಿಗೊಂದು, ಹೊರಗಡೆಗೆ ತೆರೆಯುವಂತೆ, ಬೀಗವಿಲ್ಲದೆ. ಸರದಿಗೆ ಕಟ್ಟುವ ಸರ್ವೆ ಕಂಬಗಳ ನಡುವೆ ಅಡ್ಡಗೋಲುಗಳನ್ನೆಲ್ಲ ಬಿಗಿಯುವ ಬದಲು ಅಲ್ಲಲ್ಲಿ ತೆಗೆಯಬಹುದಾದ ಒಂದು ಅಡ್ಡಗೋಲು ಇಟ್ಟರೂ ಸಾಕು.

ಚಪ್ಪಲಿ, ತೆಂಗಿನಕಾಯಿ, ಪಾನಕ

ನಕ್ಷೆಯಲ್ಲಿ ಒಳದಾರಿ, ಹೊರದಾರಿ ಬೇರೆ ಬೇರೆ ಎಂದು ಬರೆದಿರುತ್ತದೆ. ಚಪ್ಪಲಿ ಬಿಡುವ ಜಾಗ ಮಾತ್ರ ಒಳದಾರಿಯಲ್ಲಿರುತ್ತದೆ. ದರ್ಶನ ಮುಗಿಸಿದವರು ಚಪ್ಪಲಿಗಾಗಿ ಅಲ್ಲಿಗೇ ವಾಪಸು ಬರಲೇಬೇಕು. ಎದುರುಬದುರು ಎರಡು ಪ್ರವಾಹ, ನಡುವೆ ರಾಶಿಬಿದ್ದ ಚಪ್ಪಲಿಗಳು, ಬಗ್ಗಿ ಹುಡುಕುವ ಜನ. ಒಂದು ಜಾತ್ರೆಯ ಯೋಜನೆ ಕೆಡಲು ಇಷ್ಟೇ ಸಾಕು. ಚಪ್ಪಲಿ ಸ್ಟ್ಯಾಂಡ್ ಎರಡೂ ದಾರಿ ಕೂಡುವ ಬಯಲಿನಲ್ಲಿ, ಬಾಗಿಲಿನಿಂದ ಕನಿಷ್ಠ ನೂರು ಮೀಟರ್ ಆಚೆ ಇರಬೇಕು. ಅಲ್ಲಿಂದ ದೇವಸ್ಥಾನದವರೆಗೆ ಕಾಲು ಸುಡದಂತೆ ಒದ್ದೆ ನೆಲಹಾಸು, ನೆರಳು ಒದಗಿಸಬೇಕು. ಇಲ್ಲದಿದ್ದರೆ ಜನ ಅಷ್ಟು ದೂರ ಬಿಟ್ಟು ಬರುವುದಿಲ್ಲ.

ತೆಂಗಿನ ನಾಡಾದ ತುಮಕೂರಿನಲ್ಲಿ ಈಡುಗಾಯಿ ಒಡೆಯದ ಹಬ್ಬವಿಲ್ಲ. ಮಹಾರಾಷ್ಟ್ರದ ಮಾಂಢರದೇವಿಯಲ್ಲಿ 2005ರ ಜನವರಿ 25ರಂದು ಸುಮಾರು 300 ಜನ ಸತ್ತ ದುರಂತ ಶುರುವಾದದ್ದು ಒಡೆದ ಕಾಯಿಗಳ ನೀರಿನಿಂದ ಜಾರುತ್ತಿದ್ದ ಕಲ್ಲು ಮೆಟ್ಟಿಲ ಮೇಲೆ. ಆಮೇಲೆ ಅಂಗಡಿಗಳಿಗೆ ಬೆಂಕಿ ಬಿತ್ತು, ಗ್ಯಾಸ್ ಸಿಲಿಂಡರ್‌ಗಳು ಸಿಡಿದವು. ಕಾಯಿ ಒಡೆಯುವ ಕಲ್ಲನ್ನು ಮೆಟ್ಟಿಲಿನಿಂದ, ಸರದಿಯಿಂದ ದೂರವಿಟ್ಟು, ನೀರು ಹರಿಯಲು ಕಾಲುವೆ ಮಾಡಿ, ಮರಳು ಚೆಲ್ಲಿ, ಚಿಪ್ಪು ಗುಡಿಸಲು ಇಬ್ಬರನ್ನು ನಿಲ್ಲಿಸಿದರೆ ಈ ಕೊಂಡಿ ತಪ್ಪುತ್ತದೆ. ಬೋಂಡಾ–ಬಜ್ಜಿ ಅಂಗಡಿಗಳ ಸಿಲಿಂಡರ್‌ಗಳಿಗೆ ತೇರುಬೀದಿಯಲ್ಲಿ ಜಾಗವೇ ಇರಬಾರದು.

ಬಿಸಿಲಿನಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವುದು ಪುಣ್ಯದ ಕೆಲಸ. ಆದರೆ ರಸ್ತೆ ಮಧ್ಯೆ ಟ್ರ್ಯಾಕ್ಟರ್ ನಿಲ್ಲಿಸಿ ಹಂಚಿದರೆ ನಡೆಯುವ ಜನ ಅಲ್ಲೇ ಗಂಟು ಕಟ್ಟುತ್ತಾರೆ. ಅದೇ ಅರವಟ್ಟಿಗೆಯನ್ನು ಹೊರದಾರಿಯ ಕೊನೆಯ ಬಯಲಿನಲ್ಲಿ ಇಟ್ಟರೆ ಜನರನ್ನು ಬೀದಿಯಿಂದ ಹೊರಗೆ ಸೆಳೆಯುವ ಸಾಧನವಾಗುತ್ತದೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ ಅಂತಿಮ ದರ್ಶನಕ್ಕೆ 2019ರ ಜನವರಿಯಲ್ಲಿ ಲಕ್ಷಾಂತರ ಜನ ಸೇರಿದಾಗ ದಾಸೋಹವನ್ನು ಹಲವು ಕಡೆ ಹಂಚಿದ್ದರು. ಊಟ ಹಂಚಿದ ಹಾಗೆ ಜನಸಂದಣಿಯೂ ಹಂಚಿಹೋಗುತ್ತದೆ. ಯಾವುದೇ ಅಡುಗೆಯ ಒಂದು ಪಾಲನ್ನು, ಅನುಮಾನ ಬಂದರೆ ಪರೀಕ್ಷಿಸಲೆಂದು, ಡಬ್ಬಿಯಲ್ಲಿ ತೆಗೆದಿಡುವ, ಅಡುಗೆಮನೆಗೆ ಹೊರಗಿನವರನ್ನು ಬಿಡದಿರುವ ಶಿಸ್ತೂ ಬೇಕು. 2019ರ ಜನವರಿಯಲ್ಲೇ ಚಿಂತಾಮಣಿಯಲ್ಲಿ ಪ್ರಸಾದ ತಿಂದು ಇಬ್ಬರು ಮಹಿಳೆಯರು ಸತ್ತಿದ್ದರು.

ಬೆಟ್ಟದ ದೇವರು

ದೇವರಾಯನದುರ್ಗ, ಅಂತರಗಂಗೆ, ಸಿದ್ಧರಬೆಟ್ಟದಂಥ ಕಡೆ ಮೆಟ್ಟಿಲೇ ನಿರ್ಣಾಯಕ. ಕ್ರೀಡಾಂಗಣಗಳಿಗೆ ಬಳಸುವ ಲೆಕ್ಕದಲ್ಲಿ ಒಂದು ಮೀಟರ್ ಅಗಲದ ಮೆಟ್ಟಿಲಿನಿಂದ ನಿಮಿಷಕ್ಕೆ ಹೆಚ್ಚೆಂದರೆ 66 ಜನ ಇಳಿಯಬಹುದು, ಸಮತಟ್ಟು ದಾರಿಯಲ್ಲಿ 82. ಅದು ಸಮನಾದ ಮೆಟ್ಟಿಲು, ಒಂದೇ ದಿಕ್ಕಿನ ನಡಿಗೆಗೆ. ಸವೆದ ಬಂಡೆಮೆಟ್ಟಿಲು, ವಯಸ್ಸಾದವರು, ಹತ್ತುವವರು ಇಳಿಯುವವರು ಎದುರುಬದುರು ಎಂದಾಗ ಅರ್ಧವನ್ನಷ್ಟೇ ನಂಬಬೇಕು. ಹಾಗಾಗಿ ಬೆಟ್ಟದ ಜನರನ್ನು ಕೆಳಗೇ ತಡೆಯಬೇಕು. ಮೇಲೆ ಎಷ್ಟು ಜಾಗವಿದೆಯೋ ಅಷ್ಟು ಜನ, ಇಳಿದಷ್ಟು ಮಂದಿಯನ್ನು ಹತ್ತಿಸುವುದು. ಹರಿದ್ವಾರದ ಮನಸಾದೇವಿಯಲ್ಲಿ 2025ರ ಜುಲೈ 27ರಂದು ಮೆಟ್ಟಿಲ ದಾರಿಯಲ್ಲಿ ಕರೆಂಟ್ ಹರಿದಿದೆ ಎಂಬ ಗುಲ್ಲೆದ್ದು ಕನಿಷ್ಠ 8 ಜನ ಸತ್ತರು. ನೇತಾಡುವ ಒಂದು ವೈರು ಜನರಿಗೆ ಆ ಗುಲ್ಲನ್ನು ನಂಬಿಸಿಬಿಡುತ್ತದೆ.

ಮೈಕು ಸತ್ತಾಗ

ತೇರಿನ ಕಳಶ ತಂತಿಗೆ ತಗುಲದಿರಲೆಂದು ಬೆಸ್ಕಾಂ ಲೈನ್‌ಮ್ಯಾನ್ ಬೀದಿಯ ವಿದ್ಯುತ್ ನಿಲ್ಲಿಸುತ್ತಾನೆ. ಅದು ಸರಿಯಾದ ಕ್ರಮವೇ. ಆದರೆ ಮೈಕು ಅದೇ ಲೈನಿನಲ್ಲಿದ್ದರೆ ಜನ ಅತಿ ಹೆಚ್ಚು ಒತ್ತಿಕೊಂಡ ಹೊತ್ತಿಗೇ ಸದ್ದು ಅಡಗುತ್ತದೆ. ಸಾವಿರಾರು ಜನ ಒಮ್ಮೆಗೇ ವಿಡಿಯೊ ಕಳಿಸುವಾಗ ಮೊಬೈಲ್ ಕರೆ ಹೋಗುವುದಿಲ್ಲ. ಆದ್ದರಿಂದ ಮೈಕಿಗೆ ಪ್ರತ್ಯೇಕ ಜನರೇಟರ್ ಅಥವಾ ಬ್ಯಾಟರಿ, ಸಮಿತಿಗೂ ಪೊಲೀಸರಿಗೂ ವಾಕಿಟಾಕಿ, ಮತ್ತು ಘೋಷಣೆಯ ವಾಕ್ಯಗಳು ಕಾಗದದಲ್ಲಿ ಸಿದ್ಧ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕನ್ನಡದ ಜತೆ ತೆಲುಗಿನಲ್ಲೂ ಹೇಳಬೇಕು. ‘ಎಲ್ಲರೂ ಹಿಂದೆ ಸರಿಯಿರಿ’ ಎಂಬುದು ಕೆಟ್ಟ ಘೋಷಣೆ. ಹಿಂದೆ ಎಂದರೆ ಯಾವ ಕಡೆ? ‘ಶಾಲೆ ಗೇಟಿನ ಹತ್ತಿರ ಇರುವವರು ಬಸ್ ಸ್ಟ್ಯಾಂಡ್ ಕಡೆ ನಡೆಯಿರಿ’ ಎನ್ನಬೇಕು.

ಉಸಿರು ನಿಂತರೆ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಒಂದು ಕಿಲೋಮೀಟರ್ ಆಚೆ ನಿಂತ 108 ವಾಹನ ಅಷ್ಟರೊಳಗೆ ತಲುಪಲಾರದು. ಗುಂಪಿನ ಒಳಗೇ ಎದೆ ಒತ್ತಿ ಉಸಿರು ತರಿಸಬಲ್ಲ ಯುವಕರು ಇರಬೇಕು. ನಿಮಿಷಕ್ಕೆ 100ರಿಂದ 120 ಒತ್ತು, 5–6 ಸೆಂಟಿಮೀಟರ್ ಆಳ. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಮೂರೂವರೆ ಮೀಟರ್ ಅಗಲದ ಒಂದು ದಾರಿ ವಾಹನಕ್ಕೆಂದೇ ಖಾಲಿ ಇರಬೇಕು, ಗಣ್ಯರ ಕಾರಿಗೂ ಅಲ್ಲಿ ಪ್ರವೇಶವಿಲ್ಲ.

ನಿಲ್ಲಿಸಿ ಎನ್ನುವವರು ಯಾರು

ಮಸೂದೆ ಯಾವ ರೂಪ ತಳೆದರೂ ಒಂದು ಹೊಣೆ ಈಗಾಗಲೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅಪಾಯ ಎದುರಾದಾಗ ವಾಹನ ಸಂಚಾರ ತಡೆಯುವ, ಜನರ ಪ್ರವೇಶ ನಿರ್ಬಂಧಿಸುವ ಅಧಿಕಾರವನ್ನು ಅದೇ ಕಾಯ್ದೆಯ 34ನೇ ಸೆಕ್ಷನ್ ಕೊಟ್ಟಿದೆ. ಜನಸಂದಣಿ ನಿರ್ವಹಣೆಗೆಂದೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಮಾರ್ಗದರ್ಶಿ ಹೊರಡಿಸಿದೆ. ದೇವಸ್ಥಾನ ಮುಜರಾಯಿಯದೋ ಖಾಸಗಿಯೋ, ಅದು ಜಾತ್ರೆಯೋ ಬರೀ ಶನಿವಾರವೋ ಎಂಬ ಭೇದ ಇಲ್ಲಿ ಅಡ್ಡಬರುವುದಿಲ್ಲ.

ಕೊರತೆ ಇರುವುದು ಸ್ಥಳದಲ್ಲಿ. ಸಮಿತಿ ಅಧ್ಯಕ್ಷರು, ತಹಶೀಲ್ದಾರರು, ಪಿಎಸ್‌ಐ, ಆಗಮಿಕರು ನಾಲ್ವರೂ ಇರುತ್ತಾರೆ. ತೇರು ನಿಲ್ಲಿಸಿ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ, ಏಕೆಂದರೆ ಮುಹೂರ್ತ ಮೀರುತ್ತದೆ. ಮುಹೂರ್ತವನ್ನು ಗೌರವಿಸಿಯೇ ಇದಕ್ಕೆ ದಾರಿ ಹುಡುಕಬಹುದು. ಹೇಳಿದ ಗಳಿಗೆಗೆ ತೇರನ್ನು ನಾಲ್ಕು ಹೆಜ್ಜೆ ಎಳೆದು ಶಾಸ್ತ್ರ ಪೂರೈಸಿ, ಬೀದಿ ಸಡಿಲವಾದ ಮೇಲೆ ಮುಂದುವರಿಸುವ ಬಗ್ಗೆ ಅರ್ಚಕರ ಜತೆ ಮೊದಲೇ ಮಾತಾಡಿ ಬರೆದಿಡಬೇಕು. ಯಾರು ನಿಲ್ಲಿಸುತ್ತಾರೆ, ಏನನ್ನು ಕಂಡಾಗ ನಿಲ್ಲಿಸುತ್ತಾರೆ ಎಂಬ ಎರಡು ಸಾಲು ಆ ಕಾಗದದಲ್ಲಿ ಇರಲೇಬೇಕು.

ಗುಂಪಿನಲ್ಲಿ ಸಿಕ್ಕಿಕೊಂಡವರು ಮಾಡಬೇಕಾದ್ದು ಇಷ್ಟು: ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಮಗುವನ್ನು ಎತ್ತಿಕೊಳ್ಳಿ. ಚಪ್ಪಲಿ, ಮೊಬೈಲ್ ಬಿದ್ದರೆ ಬಗ್ಗಬೇಡಿ. ಅಲೆಗೆ ಎದುರಾಗಿ ತಳ್ಳದೆ, ಅದು ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ, ಗೋಡೆ ಅಥವಾ ಕಂಬಿಗೆ ಒರಗುವ ಜಾಗಕ್ಕಲ್ಲ.

ಹರಾಜಿನ ದಿನ

ಹಣದ ಪ್ರಶ್ನೆ ಕೊನೆಗೂ ಬಂದೇ ಬರುತ್ತದೆ. ಜಾತ್ರೆ ಅಂಗಡಿಗಳ ಜಾಗ, ಸುಂಕ ಇವುಗಳ ಹರಾಜು ಪಂಚಾಯಿತಿಗೋ ದೇವಸ್ಥಾನಕ್ಕೋ ಆದಾಯ ತರುತ್ತದೆ. ಹೆಚ್ಚು ಬೆಲೆ ಬರುವುದು ತೇರುಬೀದಿಯ ಜಾಗಕ್ಕೇ, ಏಕೆಂದರೆ ಜನ ಅಲ್ಲೇ ಸೇರುತ್ತಾರೆ. ಹರಾಜು ಹಿಡಿದವನು ಕೊಟ್ಟ ಹಣ ಗಿಟ್ಟಿಸಲು ಒಂದು ಅಂಗಡಿಯ ಜಾಗದಲ್ಲಿ ಎರಡನ್ನು ಕೂರಿಸುತ್ತಾನೆ. ಮೇಲಿನ ಲೆಕ್ಕದ 9 ಮೀಟರ್ 6 ಆಗುವುದು ಹೀಗೆ. ಜಾತ್ರೆಯ ದಿನ ಪೊಲೀಸರು ಬಂದು ಅಂಗಡಿ ಎಬ್ಬಿಸಲು ಹೊರಟರೆ ಸಾಲ ಮಾಡಿ ಸರಕು ತಂದ ಬಳೆಗಾರ್ತಿಗೆ ಅನ್ಯಾಯ, ಬೀದಿಯಲ್ಲಿ ಗಲಾಟೆ ಬೇರೆ.

ಇದನ್ನು ಬದಲಿಸಬಹುದಾದದ್ದು ಹರಾಜಿನ ಷರತ್ತುಗಳನ್ನು ಬರೆಯುವ ದಿನ. ತೇರು ಸಾಗುವ ಬೀದಿಯಲ್ಲಿ ಅಂಗಡಿ ಇಲ್ಲ, ಅದಕ್ಕೆ ಕೂಡುವ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಸಂಖ್ಯೆ ಹಾಕಿದ ಜಾಗ, ಗೆರೆ ದಾಟಿದರೆ ಠೇವಣಿ ಮುಟ್ಟುಗೋಲು, ಓಣಿಗಳ ಬಾಯಿ ಖಾಲಿ. ಹರಾಜಿನ ಮೊತ್ತ ಮೊದಲ ವರ್ಷ ಇಳಿಯುತ್ತದೆ, ಅದನ್ನು ಸಭೆಯಲ್ಲಿ ಒಪ್ಪಿಕೊಂಡೇ ಠರಾವು ಮಾಡಬೇಕು. ನಕ್ಷೆ ಬರೆಯುವ ಮೊದಲು ತೇರಿನ ಮನೆಯಿಂದ ತಿರುವಿನವರೆಗೆ ಟೇಪು ಹಿಡಿದು ನಡೆದು, ಬೀದಿ ಅತಿ ಕಿರಿದಾದ ಜಾಗದ ಅಳತೆಯನ್ನು ಆ ಠರಾವಿನಲ್ಲೇ ನಮೂದಿಸಬೇಕು.